ಸೋತವರ ಉಡಿ

ಬೇಸಿಗೆ ರಜೆ ಮುಗಿದು ಶಾಲೆ ತೆರೆದ ದಿನ, ಬಿಸಿಯೂಟದ ಕೋಣೆಯಿಂದ ಫುಟ್‌ಬಾಲ್ ತರಲು ಒಬ್ಬ ಹುಡುಗಿಯನ್ನು ಕಳಿಸಿದೆ. ಚೆಂಡು ರಜೆಯುದ್ದಕ್ಕೂ ಅಲ್ಲೇ ಅಕ್ಕಿ ಚೀಲಗಳ ಸಂದಿಯಲ್ಲಿ ಬಿದ್ದಿತ್ತು. ಗಾಳಿ ಇಳಿದಿದೆಯೋ ಏನೋ ಎಂದು ಎರಡೂ ಕೈಯಲ್ಲಿ ಹಿಡಿದು ಒತ್ತಿ ನೋಡುವಾಗ ಅದರ ವಾಸನೆ ಮೂಗಿಗೆ ಬಡಿಯಿತು. ರಬ್ಬರಿನದಲ್ಲ, ಮಣ್ಣಿನದೂ ಅಲ್ಲ. ಅಕ್ಕಿಯ ತೌಡು, ಜೀರಿಗೆ, ಎಲ್ಲೋ ಸ್ವಲ್ಪ ಇಂಗು... ಚೆಂಡನ್ನು ಮೂಗಿಗೆ ಹಿಡಿದು ನಿಂತ ನನ್ನನ್ನು ನೋಡಿ ಹುಡುಗಿಯರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ನಗಲಿ. ನಾನು ಮೂಡಲಗಿಯ ಅಂಗಳದಲ್ಲಿ ನಿಂತಿದ್ದೆ, ಮನಸ್ಸು ಆಗಲೇ ಹುಕ್ಕೇರಿಗೆ ಹೋಗಿ ಆಯಿಯ ಅಡುಗೆಕೋಣೆಯ ಬಾಗಿಲಲ್ಲಿ ಕುಳಿತಿತ್ತು.

ಆಯಿ ನನ್ನ ಹೆತ್ತವಳಲ್ಲ, ಅಜ್ಜಿಯೂ ಅಲ್ಲ. ಹುಕ್ಕೇರಿಯಲ್ಲಿ ನಾನು ಕನ್ನಡ ಕಲಿಸುತ್ತಿದ್ದ ಹೆಣ್ಣುಮಕ್ಕಳ ಶಾಲೆಯಲ್ಲಿ ಬಿಸಿಯೂಟ ಮಾಡುತ್ತಿದ್ದ ಹೆಂಗಸು. ಇಡೀ ಶಾಲೆಗೆ ಅವಳು ಆಯಿ. ಮುಖ್ಯಾಧ್ಯಾಪಕಿಗೂ ಆಯಿ, ಸೊಪ್ಪು ಮಾರಲು ಬರುವ ಮುದುಕನಿಗೂ ಆಯಿ. ಗಟ್ಟಿ ಮೈಕಟ್ಟು, ಅದಕ್ಕಿಂತ ಗಟ್ಟಿ ನಗು. ಗಂಡ ಬಹಳ ಹಿಂದೆಯೇ, ಮದುವೆಯ ಹೊಸತಿನಲ್ಲೇ ತೀರಿಹೋಗಿದ್ದ. ಮಕ್ಕಳಿರಲಿಲ್ಲ. "ಇಲ್ಲೇನ್ ಕಡಿಮಿ ಅದಾವೇನ್ರಿ ಮಕ್ಕಳು? ಗಂಟಿ ಬಾರಿಸಿದ್ರ ತಾಟ ಹಿಡಕೊಂಡ ಬರ್ತಾವ" ಎನ್ನುತ್ತಿದ್ದಳು.

ಶಾಲೆಯ ಫುಟ್‌ಬಾಲ್ ಅವಳ ಅಕ್ಕಿಯ ಡಬ್ಬಿಯಲ್ಲಿ ಇರುತ್ತಿತ್ತು. ಆಟದ ಸಾಮಾನಿನ ಕಪಾಟಿಗೆ ಕೀಲಿ ಇರಲಿಲ್ಲ, ಬಾಜೂ ಮೈದಾನದ ಗಂಡುಹುಡುಗರಿಗೆ ನಾಚಿಕೆ ಇರಲಿಲ್ಲ. ಎರಡು ಚೆಂಡು ಹೋದ ಮೇಲೆ ಆಯಿ ಮೂರನೆಯದನ್ನು ತಾನೇ ಎತ್ತಿಕೊಂಡು ಹೋಗಿ ಅಕ್ಕಿಯೊಳಗೆ ಹೂತಿಟ್ಟಳು. ಅಲ್ಲಿಂದ ಮುಂದೆ ನಮ್ಮ ಹುಡುಗಿಯರು ಹೆಡ್ ಮಾಡಿದಾಗಲೆಲ್ಲ ಹಣೆಯ ಮೇಲೆ ತೌಡಿನ ಬಿಳಿ ಬೊಟ್ಟು ಇರುತ್ತಿತ್ತು.

ಇನ್ನು ನನಗೆ ಫುಟ್‌ಬಾಲ್ ಗಂಟು ಬಿದ್ದದ್ದು ಹೇಗೆ ಎಂದರೆ, ದೈಹಿಕ ಶಿಕ್ಷಕರ ಜಾಗ ಖಾಲಿ ಇತ್ತು, ಯಾರಾದರೂ ಒಬ್ಬರು ಸಿಳ್ಳೆ ಊದಲೇಬೇಕಿತ್ತು. ಮುಖ್ಯಾಧ್ಯಾಪಕಿ ನನ್ನ ಕಡೆ ನೋಡಿ, "ನೀವ್ ಗೋಕಾಕದವ್ರು, ಫಾಲ್ಸಿನ ಸಪ್ಪಳದಾಗ ಬೆಳದವ್ರು. ನಿಮ್ಮ ದನಿ ಮೈದಾನದ ಆ ತುದಿಗೆ ಮುಟ್ಟತೈತಿ" ಎಂದರು. ಗೋಕಾಕದ ನಮ್ಮ ಮನೆಯಿಂದ ಜಲಪಾತ ಎಷ್ಟು ದೂರವಿದೆ ಎಂದು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಸಿಳ್ಳೆ ನನ್ನ ಕೊರಳಲ್ಲಿತ್ತು. ಆ ರಾತ್ರಿ ನನ್ನ ಯಜಮಾನರು ತಾಟಿನ ಮೇಲೆ ಶೇಂಗಾಕಾಳು ಹರಡಿ ಆಫ್‌ಸೈಡ್ ಎಂದರೇನು ಎಂದು ಕಲಿಸಿದರು. ನನಗೆ ತಿಳಿಯುವ ಹೊತ್ತಿಗೆ ಎದುರಾಳಿ ತಂಡವನ್ನು ಅವರು ಪೂರ್ತಿ ತಿಂದು ಮುಗಿಸಿದ್ದರು.

ನಮ್ಮ ಕಡೆ ಹೆಣ್ಣುಮಕ್ಕಳನ್ನು ಬರಿ ಉಡಿಯಲ್ಲಿ ಕಳಿಸುವುದಿಲ್ಲ. ತವರಿಗೆ ಬಂದ ಮಗಳಿರಲಿ, ಗಳಿಗೆ ಹೊತ್ತು ಕುಳಿತು ಎದ್ದ ಬೀಗಿತಿಯಿರಲಿ, ಹೊರಡುವಾಗ ಸೆರಗು ಒಡ್ಡಿಸಿ ಅಕ್ಕಿ, ಕುಪ್ಪಸದ ಖಣ, ಕಾಯಿ, ಉತ್ತತ್ತಿ, ಅರಿಷಿಣದ ಕೊಂಬು ಹಾಕಿ ಕಳಿಸಬೇಕು. ಸೀಗಿ ಹುಣ್ಣಿವೆಗೆ ಹೊಲದ ಪೈರಿಗೂ ಉಡಿ ತುಂಬುವ ಜನ ನಾವು. ನಮ್ಮ ಮುಖ್ಯಾಧ್ಯಾಪಕಿ ಇದನ್ನು ಆಟಕ್ಕೂ ಹಚ್ಚಿದ್ದರು. ಹುಡುಗಿಯರ ತಂಡ ಬೇರೆ ಊರಿಗೆ ಆಡಲು ಹೊರಟಾಗ ಶಿಕ್ಷಕಿಯರೆಲ್ಲ ಸಾಲಾಗಿ ನಿಂತು ಅವರ ಉಡಿ ತುಂಬುತ್ತಿದ್ದೆವು. ತಾಟನ್ನು ಸಜ್ಜು ಮಾಡುತ್ತಿದ್ದವಳು ಆಯಿಯೇ. ಅಕ್ಕಿಯನ್ನು ಆರಿಸಿ, ಉತ್ತತ್ತಿಯನ್ನು ಒರೆಸಿ, ಖಣವನ್ನು ಮೂಲೆಗೆ ಮೂಲೆ ಕೂಡಿಸಿ ಮಡಚಿ ಇಡುತ್ತಿದ್ದಳು. ಆದರೆ ಉಡಿ ತುಂಬುವ ಕೈ ಮುತ್ತೈದೆಯದೇ ಆಗಬೇಕು ಎಂಬುದು ಪದ್ಧತಿ. ಆದ್ದರಿಂದ ತಾಟು ನಮ್ಮ ಕೈಗೆ ಕೊಟ್ಟು ಅವಳು ಅಡುಗೆಕೋಣೆಯ ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದಳು.

ಒಂದು ವರ್ಷ ಆ ಬಾಗಿಲಲ್ಲಿ ನಿಲ್ಲುವುದೂ ತಪ್ಪಿಹೋಯಿತು. ಹುಡುಗಿಯರು ಬಸ್ಸು ಹತ್ತಿದಾಗ ಒಬ್ಬಳು ನೀರಿನ ಬಾಟಲಿ ಮರೆತಿದ್ದಳು. ಆಯಿ ಅದನ್ನು ಹಿಡಿದುಕೊಂಡು ಓಡಿದಳು, ಬಸ್ಸಿನ ಎದುರಿಗೇ ಬಂದಳು. ಆ ದಿನ ನಮ್ಮವರು ದಡ್ಡಿ ಎಂಬ ಊರಿನ ಹುಡುಗಿಯರ ಕೈಯಲ್ಲಿ ಸೋತರು. ದಡ್ಡಿಯವರು ನಮಗಿಂತ ಚೆನ್ನಾಗಿ ಆಡಿದರು, ಅಷ್ಟೇ. ನಮ್ಮ ರಕ್ಷಣೆಯ ಸಾಲಿನಲ್ಲಿ ಎತ್ತಿನ ಬಂಡಿ ಹೋಗುವಷ್ಟು ಸಂದಿತ್ತು. ಆದರೆ ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ಮರುದಿನ ಶಾಲೆಗೆ ಬಂದ ಒಬ್ಬ ಪಾಲಕರು ಎಲ್ಲರಿಗೂ ಕೇಳುವ ಹಾಗೆ, "ಹೊಂಡೂ ಹೊತ್ತಿಗೆ ಗಂಡ ಸತ್ತಾಕಿ ಎದುರಿಗೆ ಬಂದ್ರ ಗೆಲ್ತಾವೇನ್ರಿ?" ಎಂದರು. ನಾನು ಅವರ ಜೊತೆ ಜಗಳವಾಡಿದೆ. ನನ್ನ ದನಿ ಅಂದು ಖರೇನೇ ಜಲಪಾತದ ದನಿಯಾಗಿತ್ತು. ಆಯಿ ಮಾತ್ರ ಸಾರಿಗೆ ಒಗ್ಗರಣೆ ಹಾಕಿದಳು. ಅಲ್ಲಿಂದ ಮುಂದೆ ತಂಡ ಹೊರಡುವ ಹೊತ್ತಿಗೆ ಅಡುಗೆಕೋಣೆಯ ಬಾಗಿಲು ಒಳಗಿನಿಂದ ಮುಚ್ಚಿರುತ್ತಿತ್ತು...

ಹೀಗಿರುವಾಗ ಹದಿನೇಳರೊಳಗಿನ ಹುಡುಗಿಯರ ಜಾಗತಿಕ ಫುಟ್‌ಬಾಲ್ ಪಂದ್ಯಾವಳಿ ನಮ್ಮ ದೇಶಕ್ಕೆ ಬಂತು. ಕೆಲವು ಆಟ ಗೋವಾದಲ್ಲಿ. ಹುಕ್ಕೇರಿಯಿಂದ ಗೋವಾ ಏನು ಮಹಾ ದೂರ, ಬೆಳಗಾವಿ ದಾಟಿ ಘಟ್ಟ ಇಳಿದರೆ ಆಯಿತು. ನಮ್ಮ ಹುಡುಗಿಯರು ಕನಸಿನಲ್ಲೂ ಅದನ್ನೇ ಮಾತಾಡತೊಡಗಿದರು. ಮುಂದಾಳು ನಮ್ಮ ಗೋಲ್‌ಕೀಪರ್ ಮುಬೀನಾ. ಬಾಂಡೆ ಪಾತ್ರೆ ಮಾರುವವರ ಮಗಳು, ಸಂತೆಯಲ್ಲಿ ಕೂಗಿ ಕೂಗಿ ಪಳಗಿದ ಗಂಟಲು. ಯಾವ ದೇಶದವರು ಯಾವ ದಿನ ಯಾರ ಜೊತೆ ಆಡುತ್ತಾರೆ ಎಂಬುದೆಲ್ಲ ಅವಳ ನಾಲಿಗೆಯ ತುದಿಯಲ್ಲಿ. ಶಾಲೆಯ ಮಕ್ಕಳಿಗೆ ಟಿಕೆಟ್ ಸಿಕ್ಕಿತು, ಘೋಡಗೇರಿಯ ಒಬ್ಬ ಹುಡುಗಿಯ ತಂದೆ ತಮ್ಮ ಮಿನಿ ಬಸ್ಸು ಕೊಟ್ಟರು. ಹುಡುಗಿಯರ ಜೊತೆಗೆ ನನ್ನ ಹೊರತಾಗಿ ಇನ್ನೊಬ್ಬ ಹೆಂಗಸು ಬೇಕಿತ್ತು. ಉಳಿದ ಶಿಕ್ಷಕಿಯರಿಗೆ ಒಬ್ಬರಿಗೆ ಕೂಸು, ಒಬ್ಬರಿಗೆ ಅತ್ತೆ, ಒಬ್ಬರಿಗೆ ಘಟ್ಟದ ತಿರುವು ಎಂದರೆ ವಾಂತಿ. ನಾನು ಆಯಿಯನ್ನು ಕರೆದೆ.

"ನಾ ಒಲ್ಲೆರಿ ಅಕ್ಕೋರ. ನಾ ಬಂದ್ರ ಹುಡುಗ್ಯಾರು ಸೋಲ್ತಾವ."

"ಆಯಿ, ನಮ್ಮ ಹುಡುಗ್ಯಾರು ಆಡಾಕ ಹೊಂಟಿಲ್ಲ, ನೋಡಾಕ ಹೊಂಟಾರ. ನೋಡಾವ್ರು ಹೆಂಗ್ ಸೋಲ್ತಾರ?"

ಆಯಿ ಸೌಟು ಕೆಳಗಿಟ್ಟು ಯೋಚಿಸಿದಳು. ನನ್ನ ಮಾತಿನಲ್ಲಿ ಎಲ್ಲಾದರೂ ತೂತಿದೆಯೇ ಎಂದು ತಿರುಗಿಸಿ ಮುರುಗಿಸಿ ನೋಡಿದಂತಿತ್ತು. ತೂತು ಸಿಗಲಿಲ್ಲ. ಹೊರಡುವ ದಿನ ಬೆಳಗ್ಗೆ ಎಲ್ಲರಿಗಿಂತ ಮೊದಲು ಬಸ್ಸಿನಲ್ಲಿ ಕುಳಿತಿದ್ದಳು. ಕಾಲ ಬಳಿ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ, ಕರ್ಚಿಕಾಯಿಯ ಬುತ್ತಿ. ತೊಡೆಯ ಮೇಲೆ ಒಂದು ಬೇರೆಯೇ ಚೀಲ. ಅದರಲ್ಲಿ ಏನಿದೆ ಎಂದು ಕೇಳಿದರೆ ಹೇಳಲಿಲ್ಲ. ಘಟ್ಟದಲ್ಲಿ ಹುಡುಗಿಯರೆಲ್ಲ ಹಾಡುತ್ತ ಕೂಗುತ್ತ ಇದ್ದಾಗ ನನ್ನ ಕಿವಿಯ ಹತ್ತಿರ ಬಾಗಿ ಹೇಳಿದಳು.

"ಪರದೇಶದ ಹೆಣ್ಣಮಕ್ಕಳು ನಮ್ಮ ಸೀಮಿಗೆ ಬಂದಾವ. ಬರಿ ಉಡಿಲೆ ಹೋಗಬಾರ್ದಲ್ರಿ. ಯಾರು ಸೋಲ್ತಾರಲ್ಲ, ಅವ್ರಾಗ ಒಬ್ಬಾಕಿಗೆ ನಾ ಉಡಿ ತುಂಬಾಕಿ."

ಸೋತವರಿಗೇ ಯಾಕೆ ಎಂದೆ.

"ಸೋತ ಮ್ಯಾಲ ನನ್ನ ಕೈಲೆ ಇನ್ನೇನ್ ಕೆಡತೈತಿ? ಗೆದ್ದಾವ್ರಿಗೆ ಮುಂದ ಆಟ ಇರ್ತಾವ. ಸೋತಾವ್ರು ಊರಿಗೆ ಹೊಂಟಿರ್ತಾವ. ಅವಕ್ಕ ತುಂಬಬಹುದು."

ಅವಳ ಲೆಕ್ಕ ನಮ್ಮ ತಾಲೂಕಿನ ಆಟಗಳ ಲೆಕ್ಕ. ನಮ್ಮಲ್ಲಿ ಸೋತ ತಂಡ ಅದೇ ಸಂಜೆಯ ಬಸ್ಸಿಗೆ ಊರಿಗೆ ಬರುತ್ತದೆ, ಆಟ ಅಲ್ಲಿಗೆ ಮುಗಿಯಿತು. ಇಷ್ಟು ವರ್ಷ ಎಷ್ಟೋ ಹುಡುಗಿಯರಿಗಾಗಿ ತಾಟು ಸಜ್ಜು ಮಾಡಿದ ಹೆಂಗಸು ಒಂದೇ ಒಂದು ಸಲ ತನ್ನ ಕೈಯಿಂದ ಒಬ್ಬಳ ಉಡಿ ತುಂಬಬೇಕು, ಅದರಿಂದ ಯಾರಿಗೂ ಕೇಡಾಗಬಾರದು. ಅದಕ್ಕೆ ದಾರಿ ಹುಡುಕಿಕೊಂಡು ಗೋವಾಕ್ಕೆ ಹೊರಟಿದ್ದಳು. ನಾನು ಕಿಟಕಿಯ ಹೊರಗೆ ನೋಡಿ, ಆಗಲಿ ಆಯಿ ಎಂದೆ.

ಮೈದಾನದ ಬಾಗಿಲಲ್ಲಿ ತಪಾಸಣೆ ಇತ್ತು. ಅಲ್ಲಿದ್ದ ಮಹಿಳಾ ಪೊಲೀಸರು ಆಯಿಯ ಚೀಲ ಬಿಚ್ಚಿಸಿದರು. ಒಂದು ದೊಡ್ಡ ತೆಂಗಿನಕಾಯಿ ಹೊರಗೆ ಬಂತು. ಪೊಲೀಸಮ್ಮ ಕಾಯಿಯನ್ನು ನೋಡಿದಳು, ಆಯಿಯ ತೋಳನ್ನು ನೋಡಿದಳು, ಇದನ್ನು ಒಳಗೆ ಬಿಡಲಾಗದು, ಯಾರಾದರೂ ಎಸೆದರೆ ತಲೆ ಒಡೆಯುತ್ತದೆ ಎಂದಳು. ಆಯಿಗೆ ಸಿಟ್ಟು ಬಂತು. "ದೇವ್ರ ಮುಂದ ಒಡಿಯೂ ಕಾಯಿ ಇದು. ಮಂದಿ ತಲಿಗೆ ಯಾರರ ಒಗಿತಾರೇನು?" ಎಂದು ಮೊದಲು ಕನ್ನಡದಲ್ಲಿ, ಆಮೇಲೆ ತನಗೆ ಬರುವಷ್ಟು ಮರಾಠಿಯಲ್ಲಿ ಹೇಳಿದಳು. ಕೇಳಲಿಲ್ಲ. ಕಾಯಿ ಹೋಯಿತು, ಅಕ್ಕಿಯ ಪೊಟ್ಟಣ ಹೋಯಿತು, ನಮ್ಮ ಬುತ್ತಿಯೂ ಹೋಯಿತು. ಹುಡುಗಿಯರ ಮುಖ ಕರ್ಚಿಕಾಯಿಗಾಗಿ ಬಾಡಿತು.

ಒಳಗೆ ಹೋಗಿ ಕುಳಿತ ಮೇಲೆ ನಾನು ಆಯಿಯನ್ನು ಸಮಾಧಾನ ಮಾಡಲು ತಿರುಗಿದೆ. ಅವಳು ನಗುತ್ತಿದ್ದಳು. ಸೆರಗಿನ ತುದಿ ಎತ್ತಿ ತೋರಿಸಿದಳು, ಅದರಲ್ಲಿ ಮೋಸಂಬಿ ಗಾತ್ರದ ಗಂಟು. ಒಂದು ಮುಷ್ಟಿ ಅಕ್ಕಿ, ಉತ್ತತ್ತಿ, ಅರಿಷಿಣದ ಕೊಂಬು, ಇಡಿ ಅಡಿಕೆ ಎಲ್ಲವೂ ಅಲ್ಲಿದ್ದವು. ಖಣವನ್ನು ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದಳು. "ಎಲ್ಲಾ ಒಂದ ಕಡೆ ಇಡಬಾರ್ದು ಅಕ್ಕೋರ. ಸಂತ್ಯಾಗ ಇದ್ದಾವ್ರಿಗೆ ಗೊತ್ತಿರ್ತೈತಿ" ಎಂದಳು.

ಆಟ ನೀಲಿ ಅಂಗಿಯವರಿಗೂ ಹಳದಿ ಅಂಗಿಯವರಿಗೂ. ದೇಶಗಳ ಹೆಸರು ನಾನು ಬರೆಯುವುದಿಲ್ಲ. ಸೋತವರ ಹೆಸರು ಹೇಳಿಕೊಂಡು ತಿರುಗಬಾರದು ಎಂಬುದು ಆಯಿಯ ಕಟ್ಟಪ್ಪಣೆ, ಅದನ್ನು ಇವತ್ತಿಗೂ ಮೀರಲಾರೆ. ಹುಲ್ಲು ಅಷ್ಟು ಹಸಿರಾಗಿರಬಹುದು ಎಂದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆ ಹುಡುಗಿಯರು ನಮ್ಮವರಿಗಿಂತ ಒಂದೆರಡು ವರ್ಷ ದೊಡ್ಡವರು, ಅಷ್ಟೇ. ಆದರೆ ಓಡಿದರೆ ನೆಲ ಅವರ ಮಾತು ಕೇಳುತ್ತಿತ್ತು. ಮುಬೀನಾ ಉಸಿರು ಬಿಗಿಹಿಡಿದು ಗೋಲ್‌ಕೀಪರುಗಳ ಕೈಗವಸುಗಳನ್ನೇ ನೋಡುತ್ತಿದ್ದಳು.

ನೀಲಿಯವರು ಮೊದಲು ಗೋಲು ಹೊಡೆದರು. ನಮ್ಮ ಹುಡುಗಿಯರು ಕುಣಿದರು. ಆಯಿ ಮಾತ್ರ ಎದ್ದು ನಿಂತು ಹಳದಿಯವರ ಕಡೆ ಕೈಮಾಡಿ, "ಅಂಜಬ್ಯಾಡ್ರವಾ, ಆಡ್ರಿ" ಎಂದು ಕೂಗಿದಳು. ಸೆರಗಿನ ಗಂಟು ಕೈಯಲ್ಲಿ ಸಜ್ಜಾಯಿತು. ಸ್ವಲ್ಪ ಹೊತ್ತಿಗೆ ಹಳದಿಯವರು ಒಂದು ಗೋಲು ಹೊಡೆದು ಸರಿಸಮ ಮಾಡಿದರು. ಆಯಿ ಕಂಗಾಲಾದಳು. "ಇಬ್ಬರೂ ಸೋಲದಿದ್ರ ಏನ್ ಮಾಡೂದ್ರಿ ಅಕ್ಕೋರ?" ಎಂದು ನನ್ನ ತೋಳು ಹಿಡಿದು ಅಲುಗಾಡಿಸಿದಳು. ಸರಿಸಮವಾದರೆ ಯಾರ ಉಡಿ ತುಂಬಬೇಕು ಎಂಬುದಕ್ಕೆ ಯಾವ ಶಾಸ್ತ್ರದಲ್ಲೂ ಉತ್ತರ ಇರಲಿಲ್ಲ. ಹಳದಿಯವರು ಇನ್ನೊಂದು ಗೋಲು ಹೊಡೆದರು. ಆಯಿ ಹಾಯಾಗಿ ಉಸಿರುಬಿಟ್ಟು, "ಅತ್ತಿಗೊಂದ್ ಕಾಲ, ಸೊಸಿಗೊಂದ್ ಕಾಲ" ಎಂದು ನೀಲಿಯವರ ಕಡೆ ತಿರುಗಿ ಕುಳಿತಳು.

"ಆಯಿ, ನೀ ಯಾರ ಕಡೆ ಅದೀ ಹೇಳ!" ಎಂದು ಮುಬೀನಾ ರೇಗಿದಳು.

"ನಾ ಹಿಂದ ಬಿದ್ದಾವ್ರ ಕಡೆ."

ಇದು ಹುಡುಗಿಯರಿಗೆ ಏಕೋ ಹಿಡಿಸಿಬಿಟ್ಟಿತು. ಅವರಿಗೆ ಉಡಿಯ ಸಂಗತಿ ಗೊತ್ತಿರಲಿಲ್ಲ, ಹಿಂದೆ ಬಿದ್ದವರನ್ನು ಹುರಿದುಂಬಿಸುವುದು ಮಾತ್ರ ತಮ್ಮ ಸ್ವಂತ ಅನುಭವದಿಂದಲೇ ಗೊತ್ತಿತ್ತು. ನಮ್ಮ ಸಾಲು ಪೂರ್ತಿ ನೀಲಿಯವರಿಗಾಗಿ ಕೂಗತೊಡಗಿತು, ಅದೂ ಅಪ್ಪಟ ಹುಕ್ಕೇರಿ ಕನ್ನಡದಲ್ಲಿ. "ಒದಿ ಯವ್ವಾ ಒದಿ!" "ಅಕಿನ್ನ ಬಿಡಬ್ಯಾಡ, ಬಾಜೂಕ ಹೊಡಿ!" ಸಂತೆಯ ಗಂಟಲು, ಜಲಪಾತದ ಗಂಟಲು ಎರಡೂ ಸೇರಿದವು. ಸುತ್ತಲಿನವರು ಆಟ ಬಿಟ್ಟು ನಮ್ಮನ್ನು ನೋಡಿದರು. ನಾನು ಶಿಕ್ಷಕಿ ಎಂಬುದು ನನಗೇ ಮರೆತುಹೋಗಿತ್ತು. ಅಷ್ಟು ಸಂತೋಷದಿಂದ ನಾನು ಜೀವನದಲ್ಲಿ ಇನ್ನೊಮ್ಮೆ ಕೂಗಿದ ನೆನಪಿಲ್ಲ.

ಇಷ್ಟಾದರೂ ನೀಲಿಯವರು ಸೋತರು. ಸಿಳ್ಳೆಯಾದ ಮೇಲೆ ಅವರ ಗೋಲ್‌ಕೀಪರ್ ಹುಲ್ಲಿನ ಮೇಲೆ ಮುಖ ಮುಚ್ಚಿ ಕುಳಿತಳು. ಜೊತೆಯವರು ಎಬ್ಬಿಸಿದರು. ಆಮೇಲೆ ಆ ತಂಡ ಮೈದಾನದ ಸುತ್ತ ನಿಧಾನವಾಗಿ ನಡೆಯುತ್ತ ಜನರಿಗೆ ಕೈಬೀಸುತ್ತ ಬಂತು. ನಮ್ಮ ಸಾಲಿನ ಮುಂದೆ ಬಂದಾಗ ನಿಂತರು. ತಮಗಾಗಿ ಗಂಟಲು ಹರಿದುಕೊಂಡವರು ಯಾರು ಎಂದು ಅವರಿಗೆ ಗೊತ್ತಾಗಿತ್ತು. ಕಟಕಟೆಯ ಆಚೆಯಿಂದ ನಮ್ಮ ಹುಡುಗಿಯರ ಕೈ ಮುಟ್ಟಿ ಮುಟ್ಟಿ ಮುಂದೆ ಸಾಗಿದರು. ಕೊನೆಯಲ್ಲಿ ಗೋಲ್‌ಕೀಪರ್ ಬರುತ್ತಿದ್ದಳು. ಅವಳ ಕಣ್ಣು ಇನ್ನೂ ಒದ್ದೆ.

"ಅಕೀನ" ಎಂದಳು ಆಯಿ. ಸೆರಗಿನ ಗಂಟು ಬಿಚ್ಚತೊಡಗಿದಳು. "ಪಾಪ, ನಾಳಿ ಊರಿಗೆ ಹೋಗತೈತಿ ಕೂಸು."

"ಎಲ್ಲಿ ಊರು ಆಯಿ?" ಎಂದಳು ಎಲ್ಲ ಬಲ್ಲ ಮುಬೀನಾ. "ನಾಡದ್ದ ಇವ್ರದು ಇನ್ನೊಂದ್ ಆಟ ಐತಿ. ಅದನ್ನ ಗೆದ್ರ ಮುಂದ ಹೊಕ್ಕಾರ."

ಆಯಿಯ ಬೆರಳುಗಳು ಗಂಟಿನ ಮೇಲೆ ಹಾಗೇ ನಿಂತವು. ಜಗತ್ತಿನ ಪಂದ್ಯಾವಳಿಯಲ್ಲಿ ಒಮ್ಮೆ ಸೋತರೂ ಮನೆಗೆ ಕಳಿಸುವುದಿಲ್ಲ ಎಂಬುದು ಅವಳಿಗೆ ಗೊತ್ತಿರಲಿಲ್ಲ. ಖರೆ ಹೇಳಬೇಕೆಂದರೆ ಶೇಂಗಾಕಾಳಿನ ಪಾಠದಲ್ಲಿ ನನಗೂ ಯಾರೂ ಹೇಳಿಕೊಟ್ಟಿರಲಿಲ್ಲ. ಬಿಚ್ಚುತ್ತಿದ್ದ ಗಂಟನ್ನು ಅವಳು ಮತ್ತೆ ಬಿಗಿದಳು. ಮುಖದಲ್ಲಿ ಬೆಳಗಿನಿಂದ ಇದ್ದ ಬೆಳಕು ಪೂರ್ತಿ ಆರಿಹೋಯಿತು. "ನೀವ ತುಂಬ್ರಿ ಅಕ್ಕೋರ. ನನ್ನ ಕೈ ಬ್ಯಾಡ. ಅಕಿಗೆ ಮುಂದ ಆಟ ಐತಿ" ಎಂದು ಸೆರಗಿನ ತುದಿಯನ್ನು ನನ್ನ ಕೈಗೆ ಕೊಟ್ಟಳು. ನಾನು ತೆಗೆದುಕೊಳ್ಳಲಿಲ್ಲ. ಅತ್ತ ಆ ಹುಡುಗಿ ನಮ್ಮ ಎದುರಿಗೇ ಬಂದು ನಿಂತಿದ್ದಳು.

ಮುಬೀನಾ ಆಯಿಯನ್ನು ನೋಡಿದಳು, ನನ್ನನ್ನು ನೋಡಿದಳು. ಮುಚ್ಚಿದ ಅಡುಗೆಕೋಣೆಯ ಬಾಗಿಲು ಅವಳೂ ನೋಡಿದ್ದಳಲ್ಲ, ಅರ್ಥವಾಯಿತು.

"ಯಾಕ್ ಬ್ಯಾಡ? ದಿನಾ ನಿನ್ನ ಕೈಲೇನ ಉಂಡು ಆಡ್ತೀವಿ ನಾವು. ಸೋತದ್ದಷ್ಟ ನಿಂದೇನ ಆಯಿ? ಗೆದ್ದ ಆಟಾನೂ ನಿನ್ನ ಅನ್ನಾ ಉಂಡ ಗೆದ್ದೀವಿ. ಹಾಕ್ ಲಗೂನ, ಅಕಿ ಹೊಕ್ಕಾಳ!"

ಹಾಗೆಂದವಳೇ ಮುಬೀನಾ ಕಟಕಟೆಯ ಮೇಲೆ ಬಾಗಿ, ತನ್ನ ಅಂಗಿಯ ಮುಂಭಾಗವನ್ನು ಎರಡೂ ಕೈಯಿಂದ ಹಿಡಿದು ಬುಟ್ಟಿಯಂತೆ ಒಡ್ಡಿ ಆ ಹುಡುಗಿಗೆ ತೋರಿಸಿದಳು. ಹೀಗೆ ಹಿಡಿ. ಫುಟ್‌ಬಾಲ್ ಅಂಗಿಗೆ ಸೆರಗೆಲ್ಲಿ? ಆ ಹುಡುಗಿ ಕೈಗವಸುಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಏನು ಎತ್ತ ತಿಳಿಯದಿದ್ದರೂ, ನೀಲಿ ಅಂಗಿಯ ಅಂಚನ್ನು ಹಾಗೇ ಎತ್ತಿ ಹಿಡಿದಳು.

ಆಯಿ ಗಂಟು ಬಿಚ್ಚಿದಳು. ಇದ್ದ ಒಂದು ಮುಷ್ಟಿ ಅಕ್ಕಿಯನ್ನೇ ಐದು ಸಲ ಮಾಡಿ ಹಾಕಿದಳು. ಉತ್ತತ್ತಿ ಹಾಕಿದಳು, ಅರಿಷಿಣದ ಕೊಂಬು, ಅಡಿಕೆ ಹಾಕಿದಳು. ಸೊಂಟದಿಂದ ಖಣ ತೆಗೆದು, ಕೈಯಿಂದ ನೇವರಿಸಿ ಮಡಿಕೆ ಸರಿಮಾಡಿ ಮೇಲಿಟ್ಟಳು. ಆಮೇಲೆ ಆ ಹುಡುಗಿಯ ಬೆವತ ಮುಖವನ್ನು ಎರಡೂ ಕೈಯಿಂದ ನೀವಿ, ತನ್ನ ಕೆನ್ನೆಯ ಮೇಲೆ ನೆಟಿಕೆ ಮುರಿದಳು. ಹುಡುಗಿ ತನ್ನ ಭಾಷೆಯಲ್ಲಿ ಏನೋ ಹೇಳಿದಳು. "ಹೂಂ ಯವ್ವಾ, ಚಂದಾಗಿ ಆಡು. ಹೊಟ್ಟಿ ತುಂಬ ಉಣ್ಣು" ಎಂದು ಆಯಿ ಉತ್ತರ ಕೊಟ್ಟಳು. ಇಬ್ಬರಿಗೂ ಇದರಲ್ಲಿ ಯಾವ ಅಡಚಣೆಯೂ ಇದ್ದಂತೆ ಕಾಣಲಿಲ್ಲ. ದೂರದಿಂದ ಯಾರೋ ಕರೆದರು. ಆ ಹುಡುಗಿ ಒಂದು ಕಾಳೂ ಚೆಲ್ಲಬಾರದೆಂಬಂತೆ ಅಂಗಿಯ ಅಂಚನ್ನು ಎದೆಗೆ ಒತ್ತಿ ಹಿಡಿದುಕೊಂಡು, ಅಳುತ್ತ ನಗುತ್ತ, ಇಡೀ ಮೈದಾನ ದಾಟಿ ಓಡಿದಳು. ಆಯಿ ಅವಳು ಕಣ್ಮರೆಯಾಗುವವರೆಗೆ ನಿಂತೇ ಇದ್ದಳು.

ಹೊರಗೆ ಬರುವಾಗ ಆ ಪೊಲೀಸಮ್ಮ ನಮ್ಮ ಬುತ್ತಿಯನ್ನೂ ಕಾಯಿಯನ್ನೂ ಎತ್ತಿಟ್ಟು ಕಾಯುತ್ತಿದ್ದಳು. ಆಯಿ ಅವಳ ಕೈಗೆ ನಾಲ್ಕು ಕರ್ಚಿಕಾಯಿ ಹಾಕಿದಳು. ಕಾಯಿಯನ್ನು ಬಸ್ಸು ಹತ್ತುವ ಮೊದಲು ಕಲ್ಲಿಗೆ ಒಡೆದು ಎಲ್ಲರಿಗೂ ಹಂಚಿದಳು. ಹುಕ್ಕೇರಿ ಮುಟ್ಟುವವರೆಗೆ ಹುಡುಗಿಯರು ನಿದ್ದೆ ಮಾಡಲಿಲ್ಲ, ನಮ್ಮನ್ನೂ ಮಾಡಗೊಡಲಿಲ್ಲ.

ಎರಡು ದಿನ ಆಯಿಯ ಸಾರಿಗೆ ಉಪ್ಪು ಹೆಚ್ಚು ಕಡಿಮೆಯಾಯಿತು. ನೀಲಿಯವರ ಆಟದ ದಿನ ನಾನು ನನ್ನ ಮೊಬೈಲನ್ನು ಅಡುಗೆಕೋಣೆಯ ಬೇಳೆ ಡಬ್ಬಿಗೆ ಆನಿಸಿ ಇಟ್ಟೆ. ಸಣ್ಣ ಪರದೆ, ಸುತ್ತ ತಲೆಯೋ ತಲೆ. ಆಯಿ ಮಾತ್ರ ನೋಡಲಿಲ್ಲ. ಒಲೆಯ ಕಡೆ ಮುಖ ಮಾಡಿ ಕುಳಿತು, "ಏನಾತು? ಏನಾತು?" ಎಂದು ಕೇಳುತ್ತಿದ್ದಳು. ನೀಲಿಯವರು ಗೆದ್ದರು. ಆ ಗೋಲ್‌ಕೀಪರ್ ಹಾರಿ ಹಾರಿ ಚೆಂಡು ಹಿಡಿದಳು. ಕೊನೆಯ ಸಿಳ್ಳೆಗೆ ನಮ್ಮ ಅಡುಗೆಕೋಣೆಯಲ್ಲಿ ಎದ್ದ ಕೂಗಿಗೆ ಮುಖ್ಯಾಧ್ಯಾಪಕಿ ಬೆಂಕಿ ಹತ್ತಿತೆಂದು ಓಡಿಬಂದರು. ಹುಡುಗಿಯರು ಆಯಿಯನ್ನು ಎತ್ತಲು ನೋಡಿದರು, ಆಗಲಿಲ್ಲ, ಎಲ್ಲರೂ ಸೇರಿ ಅಕ್ಕಿ ಚೀಲಗಳ ಮೇಲೆ ಬಿದ್ದರು. ಆಯಿ ಬಿದ್ದಲ್ಲಿಂದಲೇ ನಗುತ್ತಿದ್ದಳು, ಕಣ್ಣಲ್ಲಿ ನೀರು ಹರಿಯುತ್ತಿತ್ತು.

ಅವರು ಗೆದ್ದದ್ದು ಚೆನ್ನಾಗಿ ಆಡಿದ್ದಕ್ಕೆ. ಒಂದು ಮುಷ್ಟಿ ಅಕ್ಕಿಯಿಂದ ಯಾರೂ ಗೋಲು ತಡೆಯುವುದಿಲ್ಲ. ಇದನ್ನು ನಾನು ಆಯಿಗೆ ಹೇಳಿದ್ದೂ ಉಂಟು. "ಅದು ನಂಗ ಗೊತ್ತಿಲ್ಲೇನ್ರಿ?" ಎಂದಳು. "ಕೆಡಲಿಲ್ಲಲ್ರಿ ಅಕ್ಕೋರ. ನಂಗ ಅಷ್ಟ ಸಾಕು."

ಮುಂದಿನ ಸಲ ನಮ್ಮ ತಂಡ ಹೊರಡುವಾಗ ಮುಬೀನಾ ಮೊದಲು ಅಡುಗೆಕೋಣೆಯ ಬಾಗಿಲು ಬಡಿದಳು. ಹುಡುಗಿಯರೆಲ್ಲ ಅಂಗಿಯ ಅಂಚು ಎತ್ತಿ ಹಿಡಿದು ಅಲ್ಲೇ ಸಾಲು ನಿಂತರು. ಶಿಕ್ಷಕಿಯರ ಸಾಲಿನಲ್ಲಿ ಕೆಲವರು ಮುಖ ಮುಖ ನೋಡಿಕೊಂಡರು. ಮುಖ್ಯಾಧ್ಯಾಪಕಿ ತಾಟನ್ನು ತಾವೇ ಒಯ್ದು ಆಯಿಯ ಮುಂದೆ ಹಿಡಿದರು. ಅಲ್ಲಿಂದ ನಾನು ಹುಕ್ಕೇರಿ ಬಿಡುವವರೆಗೆ ಆ ಬಾಗಿಲು ಮುಚ್ಚಲಿಲ್ಲ. ಆ ತಂಡ ಕೆಲವು ಸಲ ಗೆದ್ದಿತು, ಕೆಲವು ಸಲ ಸೋತಿತು, ಎಲ್ಲರ ತಂಡಗಳ ಹಾಗೆ.

ನನಗೆ ಮೂಡಲಗಿಗೆ ವರ್ಗವಾಯಿತು. ಬರುವಾಗ ಆಯಿ ನನ್ನ ಉಡಿಯನ್ನೂ ತುಂಬಿದಳು. ಅಷ್ಟು ಹಾಕಿದಳೆಂದರೆ ಬಸ್ಸಿನಲ್ಲಿ ನನಗೆ ಎರಡು ಸೀಟು ಬೇಕಾಯಿತು. ಮರುವರ್ಷ ಮಳೆಗಾಲದಲ್ಲಿ ಮುಬೀನಾ ಫೋನ್ ಮಾಡಿದಳು. ಬರೀ ಅತ್ತಳು... ನಾನು ಗೋಕಾಕದ ಬಸ್ಸು ಹಿಡಿದು, ಅಲ್ಲಿಂದ ಹುಕ್ಕೇರಿಯ ಬಸ್ಸು ಹಿಡಿದು ಮುಟ್ಟುವ ಹೊತ್ತಿಗೆ ಆಯಿಯ ಮಣ್ಣು ಆಗಿಹೋಗಿತ್ತು. ಮುಖ ನೋಡಲು ಸಿಗಲಿಲ್ಲ. ಅದರ ದುಃಖ ನನಗೆ ಇನ್ನೂ ಇದೆ.

ಹೋದ ಚಳಿಗಾಲದಲ್ಲಿ ನನ್ನ ಯಜಮಾನರೂ ಹೋದರು. ಶೇಂಗಾಕಾಳಿನ ಗುರು. ಆ ಬಗ್ಗೆ ಬರೆಯುವಷ್ಟು ಧೈರ್ಯ ಇನ್ನೂ ಬಂದಿಲ್ಲ.

ಹೋದ ತಿಂಗಳು ನಮ್ಮ ಮೂಡಲಗಿಯ ಹುಡುಗಿಯರು ಗೋಕಾಕಕ್ಕೆ ಆಡಲು ಹೊರಟರು. ಇಲ್ಲಿಗೆ ಬಂದ ಮೇಲೆ ಉಡಿಯ ಪದ್ಧತಿ ಹಾಕಿದವಳು ನಾನೇ, ಪ್ರತಿ ಸಲ ತುಂಬುತ್ತಿದ್ದವಳೂ ನಾನೇ. ಈ ಸಲ ತಾಟು ಸಜ್ಜು ಮಾಡಿದೆ. ಅಕ್ಕಿ ಆರಿಸಿದೆ, ಖಣ ಮಡಚಿದೆ. ಆಮೇಲೆ ನನಗೆ ತಿಳಿಯದೆಯೇ ತಾಟನ್ನು ಹೊಸದಾಗಿ ಬಂದ ಶಿಕ್ಷಕಿಯ ಕೈಗೆ ಕೊಟ್ಟು ನಾಲ್ಕು ಹೆಜ್ಜೆ ಹಿಂದೆ ಸರಿದು ನಿಂತಿದ್ದೆ. ಆಯಿಯ ಪರವಾಗಿ ಊರ ಮಂದಿಯ ಜೊತೆ ಜಗಳವಾಡಿದ ನಾನು! ಯಾರೂ ಹಿಂದೆ ಸರಿ ಎಂದಿರಲಿಲ್ಲ. ಕಾಲು ತಾನೇ ಸರಿದಿತ್ತು. ಅಷ್ಟು ವರ್ಷ ಆಯಿಗೆ ಆ ಬಾಗಿಲು ಎಷ್ಟು ದೂರ ಅನಿಸಿರಬಹುದು ಎಂಬುದು ನನಗೆ ಅವತ್ತು ತಿಳಿಯಿತು.

ತಂಡದ ನಾಯಕಿ ಆ ಹೊಸ ಶಿಕ್ಷಕಿಯನ್ನು ದಾಟಿಕೊಂಡು ನೇರ ನನ್ನ ಮುಂದೆ ಬಂದು ಅಂಗಿಯ ಅಂಚು ಎತ್ತಿ ಹಿಡಿದಳು. "ಲಗೂನ ಹಾಕ್ರಿ ಟೀಚರ್, ಬಸ್ ಹೊಕ್ಕೈತಿ" ಎಂದಳು. ಅವಳಿಗೆ ಶಾಸ್ತ್ರವೂ ಗೊತ್ತಿರಲಿಲ್ಲ, ನನ್ನ ಸಂಕಟವೂ ಗೊತ್ತಿರಲಿಲ್ಲ. ಬಸ್ಸಿನ ಚಿಂತೆಯೊಂದೇ. ನಾನು ತಾಟು ಮರಳಿ ತೆಗೆದುಕೊಂಡು ಎಲ್ಲರ ಉಡಿ ತುಂಬಿದೆ.

ಗೋಕಾಕದಲ್ಲಿ ಹುಡುಗಿಯರು ಸೋತರು, ಅದೂ ಕೆಟ್ಟದಾಗಿ. ಬರುವಾಗ ಬಸ್ಸಿನಲ್ಲಿ ನಾನು ಕಿಟಕಿಗೆ ತಲೆಯಾನಿಸಿ ಕಣ್ಣು ಮುಚ್ಚಿ, ಕಿವಿ ಮಾತ್ರ ತೆರೆದು ಕುಳಿತಿದ್ದೆ. ದಾರಿಯುದ್ದಕ್ಕೂ ಅವರು ರೆಫರಿಯನ್ನು ಬೈದರು. ಮೈದಾನದ ಕಲ್ಲನ್ನು ಬೈದರು, ಬಿಸಿಲನ್ನು ಬೈದರು, ಒಬ್ಬರನ್ನೊಬ್ಬರು ಬೈದುಕೊಂಡರು. ಮೂಡಲಗಿ ಬಂದರೂ ಉಡಿ ತುಂಬಿದ ನನ್ನ ಕೈಯ ನೆನಪು ಯಾರಿಗೂ ಆಗಲಿಲ್ಲ. ಆಯಿಗೆ ಇದನ್ನು ಹೇಳಬೇಕಿತ್ತು.